ನಾಯಿಗೆಂದು ಬರೆದ ಅಕ್ಷರ

ಕಳೆದ ತಿಂಗಳು ಮಿತ್ರರೊಬ್ಬರ ಮನೆಯಿಂದ ಒಂದು ಕಾರ್ಡು ಬಂತು. ಅವರ ತಂದೆಯವರ ವೈಕುಂಠ ಸಮಾರಾಧನೆಯ ಆಹ್ವಾನ, ಇಂಗ್ಲಿಷಿನಲ್ಲಿ. ಒಕ್ಕಣೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಓದುತ್ತಿದ್ದಂತೆ ಸಾವಿನ ಮನೆಯಲ್ಲಿ ಯಾರೋ ಸಿಳ್ಳೆ ಹಾಕಿದ ಹಾಗಾಯಿತು. ಅದನ್ನು ಅಚ್ಚುಹಾಕಿಸಿದ್ದು ‘ಕಾಮಿಕ್ ಸ್ಯಾನ್ಸ್’ ಎಂಬ ಅಕ್ಷರದಲ್ಲಿ.

ಕಂಪ್ಯೂಟರ್ ಮುಟ್ಟಿದವರೆಲ್ಲ ಇದನ್ನು ಕಂಡಿರುತ್ತಾರೆ, ಹೆಸರು ತಿಳಿದಿರಲಾರದು. ದುಂಡು ತುದಿಯ ಪೆನ್ನಿನಿಂದ ಲಘುವಾಗಿ ಗೀಚಿದಂತಿರುವ ಇಂಗ್ಲಿಷ್ ಅಕ್ಷರ. ಇದರ ಸಣ್ಣ ‘ಎ’ ಮಕ್ಕಳು ಬರೆಯುವಂಥದೇ: ಒಂದು ಸೊನ್ನೆ, ಪಕ್ಕಕ್ಕೊಂದು ಕೋಲು.

ಇದು ಹುಟ್ಟಿದ ಬಗೆ ತಿಳಿದರೆ ಅರ್ಧ ಜಗಳ ತೀರುತ್ತದೆ. 1994ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊಸಬರಿಗಾಗಿ ‘ಬಾಬ್’ ಎಂಬ ತಂತ್ರಾಂಶವನ್ನು ಸಿದ್ಧಪಡಿಸುತ್ತಿತ್ತು. ಅದರಲ್ಲಿ ದಾರಿ ತೋರಿಸುವುದು ಒಂದು ಚಿತ್ರದ ನಾಯಿ. ನಾಯಿಯ ಮಾತುಗಳಿದ್ದುದು ಟೈಮ್ಸ್ ನ್ಯೂ ರೋಮನ್ನಿನಲ್ಲಿ. ಲಂಡನ್ನಿನ ದಿನಪತ್ರಿಕೆಯೊಂದಕ್ಕಾಗಿ ರೂಪಿಸಿದ, ಕೋಟು ತೊಟ್ಟ ಅಕ್ಷರದಲ್ಲಿ! ಅಲ್ಲಿಯೇ ಕೆಲಸದಲ್ಲಿದ್ದ ವಿನ್ಸೆಂಟ್ ಕನೇರ್ ಅವರಿಗೆ ಇದು ಸರಿಬೀಳಲಿಲ್ಲ. ಕಾಮಿಕ್ ಪುಸ್ತಕಗಳ ಕೈಬರಹವನ್ನು ಮುಂದಿಟ್ಟುಕೊಂಡು ಹೊಸ ಅಕ್ಷರವನ್ನೇ ಬರೆದರು. ವಿನೋದವೆಂದರೆ, ಅದು ಅಗಲವಾಗಿದ್ದುದರಿಂದ ನಾಯಿಯ ಮಾತಿನ ಗುಳ್ಳೆಯಲ್ಲಿ ಹಿಡಿಸಲಿಲ್ಲ. ಬಾಬ್ ಹಳೆಯ ಅಕ್ಷರದಲ್ಲಿಯೇ ಹೊರಬಂತು. ಹೊಸದು ಮುಂದೆ ವಿಂಡೋಸಿನ ಬೆನ್ನುಹತ್ತಿ ಲೋಕವನ್ನೆಲ್ಲ ಸುತ್ತಿತು.

ಇದರಲ್ಲಿ ದೋಷಗಳಿಲ್ಲವೆಂದು ನಾನು ಹೇಳಲಾರೆ. ಅಕ್ಷರಗಳ ನಡುವಣ ತೆರಪು ಒಂದೊಂದೆಡೆ ಒಂದೊಂದು ತರಹ ಕಾಣುತ್ತದೆ. ಅದಕ್ಕಿಂತ ದೊಡ್ಡ ದೋಷ ಬೇರೆ. ಮನುಷ್ಯನ ಕೈ ಒಂದೇ ಅಕ್ಷರವನ್ನು ಎರಡು ಸಲ ಒಂದೇ ರೀತಿ ಬರೆಯುವುದಿಲ್ಲ. ಇಲ್ಲಿ ನೂರು ಸಲವೂ ಅದೇ ಡೊಂಕು, ಅದೇ ಓರೆ. ನಾಯಿಯ ನಾಲ್ಕು ಮಾತಿಗೆ, ಮಗುವಿನ ಹುಟ್ಟುಹಬ್ಬದ ಕರೆಯೋಲೆಗೆ ಈ ಸಲುಗೆ ಚೆನ್ನ. ಪುಟಗಟ್ಟಲೆ ಓದುವಾಗ ಅದು ನಟನೆಯಾಗಿ ಬೇಸರ ತರಿಸುತ್ತದೆ.

ಆದರೆ ಇದನ್ನು ಹಳಿಯುವವರ ಗತ್ತೂ ನನಗೆ ಹಿಡಿಸದು. 2012ರ ಜುಲೈ 4ರಂದು ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಫಾಬಿಯೋಲಾ ಜಿಯಾನೊಟ್ಟಿ ಹಿಗ್ಸ್ ಕಣದ ಶೋಧನೆಯನ್ನು ಇದೇ ಅಕ್ಷರದಲ್ಲಿ ತೆರೆಯ ಮೇಲೆ ತೋರಿಸಿದರು. ಕಣವನ್ನು ಬಿಟ್ಟು ಅಕ್ಷರವನ್ನು ಹಿಡಿದುಕೊಂಡು ನಕ್ಕವರೆಷ್ಟೋ ಮಂದಿ! ಓದುವುದರಲ್ಲಿ ತೊಡಕುಳ್ಳವರಿಗೆ ಒತ್ತೊತ್ತಾಗಿ ಕಾಣದ ಅಕ್ಷರಗಳಲ್ಲಿ ಇದೂ ಒಂದೆಂದು ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಘ ಸಲಹೆ ಮಾಡಿದೆ. ಅಂಥ ಮಗು ತಡವರಿಸದೆ ಒಂದು ಸಾಲು ಓದಿದರೆ, ಅದರೆದುರು ನಮ್ಮ ಅಭಿರುಚಿಯ ಮಾತು ನಡೆಯದು.

ಮೊನ್ನೆ ಆ ಮಿತ್ರರು ಸಿಕ್ಕಿದ್ದರು. ಕಾರ್ಡಿನ ವಿಷಯ ಎತ್ತಬಾರದೆಂದಿದ್ದೆ, ಬಾಯಿ ಕೇಳಲಿಲ್ಲ. ಅದನ್ನು ಜೋಡಿಸಿದವನು ಹನ್ನೆರಡು ವರ್ಷದ ಮೊಮ್ಮಗ. ಅಜ್ಜನ ಕೈಬರಹ ಹೀಗೆಯೇ ದುಂಡಗಿತ್ತೆಂದು ಆ ಅಕ್ಷರವನ್ನು ಆರಿಸಿದನಂತೆ. ‘ಅವರು ಬರೆದ ಕಾಗದಪತ್ರ ಏನಾದರೂ ಇದೆಯೇ?’ ಎಂದೆ. ‘ಬೀರುವಿನ ತುಂಬ ಇದೆ’ ಎಂದರು. ಅದರಿಂದಲೇ ಒಂದು ಸಾಲು ಎತ್ತಿ ಅಚ್ಚುಹಾಕಿಸಬಹುದಿತ್ತೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.