ಮುಂದಿನ ಚಿತ್ರ ನೋಡಿದವರಾರು?

ನಮ್ಮ ಸ್ವತಂತ್ರ ನಿರ್ದೇಶಕರಿಗೆ ಒಂದು ಹಳ್ಳಿ, ನಾಲ್ಕು ಹೊಸ ಮುಖ, ಒಂದು ವಿದೇಶಿ ಚಿತ್ರೋತ್ಸವ ಸಿಕ್ಕರೆ ಸಾಕು, ಅದರಾಚೆ ಹಂಬಲವೇ ಇಲ್ಲ ಎಂಬ ದೂರು ಮಾಮೂಲಿಯಾಗಿದೆ. 2015ರಲ್ಲಿ ಲೊಕಾರ್ನೊದಲ್ಲಿ 'ತಿಥಿ' ಗೆದ್ದ ಮೇಲೆ ಅದರ ಅಚ್ಚಿನಲ್ಲಿ ಚಿತ್ರ ತೆಗೆದವರಿದ್ದಾರೆ, ಒಪ್ಪೋಣ. ಆದರೆ ಒಬ್ಬರು ಬೆಳೆದಿದ್ದಾರೋ ಇಲ್ಲವೋ ಎನ್ನಲು ಅವರ ಎರಡು ಚಿತ್ರಗಳನ್ನಾದರೂ ಪಕ್ಕಪಕ್ಕ ಇಟ್ಟು ನೋಡಬೇಕಲ್ಲ?

ಪೃಥ್ವಿ ಕೊಣನೂರರ 'ಪಿಂಕಿ ಎಲ್ಲಿ?' (2020) ಕಾಣೆಯಾದ ಕೂಸನ್ನು ಅರಸಿ ಬೆಂಗಳೂರು ಸುತ್ತುತ್ತದೆ. ಹುಡುಕಾಟವೇ ಕಥೆಯನ್ನು ಎಳೆದೊಯ್ಯುತ್ತದೆ. ನಿರ್ದೇಶಕರಿಗೆ ಅದೊಂದು ಅನುಕೂಲ. 'ಹದಿನೇಳೆಂಟು' (2022) ಆ ಅನುಕೂಲವನ್ನೇ ಬಿಟ್ಟುಕೊಡುತ್ತದೆ. ಇಬ್ಬರು ಪಿಯು ವಿದ್ಯಾರ್ಥಿಗಳ ಖಾಸಗಿ ವಿಡಿಯೊ ಹೊರಬಿದ್ದಿದೆ. ಆಮೇಲಿನದು ಬಹುಪಾಲು ಕೋಣೆಗಳಲ್ಲಿ ಕೂತವರ ಮಾತು. ಕಾಲೇಜಿನ ಶಿಸ್ತಿನ ಪ್ರಶ್ನೆ ಜಾತಿಯ ಪ್ರಶ್ನೆಯಾಗುವ ಹೊತ್ತಿಗೆ ಯಾರನ್ನೂ ಸಲೀಸಾಗಿ ಖಳರೆನ್ನಲಾಗದೆ ಚಡಪಡಿಸುತ್ತೇವೆ. ಬೆಳವಣಿಗೆ ಎಂದರೆ ಇದೇ ಅಲ್ಲವೆ?

ನಟೇಶ್ ಹೆಗಡೆಯವರ ಬಗ್ಗೆ ನನ್ನ ತಕರಾರಿದೆ. 'ಪೆದ್ರೊ' (2021) ಒಬ್ಬ ಒಂಟಿ ಮನುಷ್ಯನ ಮೇಲೆ ಊರು ತಿರುಗಿಬೀಳುವ ಕಥೆ. 'ವಾಘಾಚಿಪಾಣಿ' (2025) ಅಂಥದೇ ಕಾಡಿನ ಊರೊಂದರ ಚುನಾವಣೆ, ಯಜಮಾನಿಕೆಗಳನ್ನೆಲ್ಲ ಹಿಡಿಯಹೊರಟಿದೆ. ಹರವು ದೊಡ್ಡದು; ಪೆದ್ರೊನ ಮುಖ ಕಾಡಿದಂತೆ ಇಲ್ಲಿ ಯಾರದೂ ಕಾಡಲಿಲ್ಲ. ಆದರೂ ಹಂಬಲವಿಲ್ಲದವರು ಹೀಗೆ ಎಡವುವುದಿಲ್ಲ.

ದೀಪಾಂಜಲಿ ನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಒರಾಯನ್ ಮಾಲ್‌ನ ಚಿತ್ರೋತ್ಸವಕ್ಕೆ ಓಡುತ್ತಿದ್ದ ನನ್ನಂಥವರಿಗೂ ಈ ಚಿತ್ರಗಳು ಸಿಕ್ಕಿದ್ದು ಬಿಡಿಬಿಡಿಯಾಗಿ. ಉಳಿದವರ ಪಾಡು ಕೇಳಬೇಡಿ. 'ಪಿಂಕಿ ಎಲ್ಲಿ?' ಚಿತ್ರಮಂದಿರಕ್ಕೆ ಬಂದದ್ದು 2023ರಲ್ಲಿ. ಅಷ್ಟರಲ್ಲಿ 'ಹದಿನೇಳೆಂಟು' ಗೋವಾದ ಚಿತ್ರೋತ್ಸವದಲ್ಲಿ ತೆರೆಕಂಡು ತಿಂಗಳುಗಳೇ ಕಳೆದಿದ್ದವು.