ಊರಿನ ಹೆಸರಿಲ್ಲದ ಮೈಲಿಗಲ್ಲುಗಳು

ಮೈಲಿಗಲ್ಲು ಎಂಬ ಶಬ್ದವನ್ನು ಈಚೆಗೆ ನಾವು ಬಹಳ ಅಗ್ಗ ಮಾಡಿಬಿಟ್ಟಿದ್ದೇವೆ. ಸಹಕಾರಿ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದರೂ ಮೈಲಿಗಲ್ಲು, ಸಿನಿಮಾ ಐವತ್ತು ದಿನ ಓಡಿದರೂ ಮೈಲಿಗಲ್ಲು. ರಸ್ತೆ ಬದಿಯ ನಿಜವಾದ ಮೈಲಿಗಲ್ಲನ್ನು ನೋಡಿದವರಿಗೆ ಗೊತ್ತು, ಅದರ ಮೇಲೆ ಎರಡು ಸಂಗತಿಗಳಿರುತ್ತವೆ. ಒಂದು ಊರಿನ ಹೆಸರು, ಇನ್ನೊಂದು ಅಂಕಿ. ಹೆಸರು ಅಳಿಸಿಹೋಗಿ ಅಂಕಿ ಮಾತ್ರ ಉಳಿದರೆ ದಾರಿಹೋಕನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಕೂತು ದಣಿವಾರಿಸಿಕೊಳ್ಳಲು ಬಂದೀತು, ಅಷ್ಟೆ.

ವೃತ್ತಿಪರ ತಂಡಗಳ ಚರಿತ್ರೆ ಓದುವಾಗ ನನಗೆ ಇಂಥ ಅಂಕಿ ಮಾತ್ರ ಉಳಿದ ಕಲ್ಲುಗಳ ನೆನಪಾಗುತ್ತದೆ. ಪ್ರೊ ಕಬಡ್ಡಿ ಲೀಗಿನ ಬೆಂಗಳೂರು ಬುಲ್ಸ್ ತಂಡವನ್ನೇ ತೆಗೆದುಕೊಳ್ಳಿ. ಅದರ ಸಾಧನೆಗಳ ಪಟ್ಟಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಬಗೆಯಾಗಿರುತ್ತದೆ. 2014ರ ಮೊದಲ ಲೀಗಿನಲ್ಲಿ ಉಪಾಂತ್ಯ ತಲುಪಿ ನಾಲ್ಕನೆಯ ಸ್ಥಾನ. 2015ರಲ್ಲಿ ಮಂಜೀತ್ ಚಿಲ್ಲರ್ ನಾಯಕತ್ವದಲ್ಲಿ ಅಂತಿಮ ಪಂದ್ಯ. ಯು ಮುಂಬಾ ಎದುರು 30–36ರಿಂದ ಸೋಲು. 2019ರ ಜನವರಿ 5ರಂದು ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಮೊದಲ ಪ್ರಶಸ್ತಿ. ಅದೇ ವರ್ಷದ ಅಕ್ಟೋಬರ್ 2ರಂದು ಹರಿಯಾಣಾ ವಿರುದ್ಧ ಪವನ್ ಸೆಹ್ರಾವತ್ ಒಂದೇ ಪಂದ್ಯದಲ್ಲಿ ಗಳಿಸಿದ 39 ದಾಳಿ ಅಂಕಗಳು. ಇಲ್ಲಿಗೆ ಪಟ್ಟಿ ಮುಗಿಯುತ್ತದೆ.

ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಸಣ್ಣದೂ ಅಲ್ಲ. ಆ ಅಂತಿಮ ಪಂದ್ಯವನ್ನು ಹಲಗೇರಿಯಲ್ಲಿ ಟಿ.ವಿ.ಯ ಮುಂದೆ ಕೂತು ನೋಡಿದವರಲ್ಲಿ ನಾನೂ ಒಬ್ಬ. ಅರ್ಧ ಆಟ ಮುಗಿದಾಗ ಬುಲ್ಸ್ 9–16ರಿಂದ ಹಿಂದಿತ್ತು. ಆಮೇಲೆ ಪವನ್ ಒಬ್ಬನೇ ಆಟದ ದಿಕ್ಕನ್ನು ತಿರುಗಿಸಿದ; ತಂಡದ 38 ಅಂಕಗಳಲ್ಲಿ 22 ಅವನವೇ. ಹಿಂದಿನ ಲೀಗಿನಲ್ಲಿ ಗುಜರಾತ್ ತಂಡದಲ್ಲಿದ್ದು ಆಡುವ ಅವಕಾಶವನ್ನೇ ಹೆಚ್ಚಾಗಿ ಕಾಣದ ಹುಡುಗ ಅದೇ ಗುಜರಾತನ್ನು ಹೀಗೆ ಕೆಡವಿದ್ದು ಕಥೆಗಾರರಿಗೂ ಹೊಟ್ಟೆಕಿಚ್ಚಾಗುವ ಸಂಗತಿ. ನನ್ನ ತಕರಾರು ಆಟದ ಮೇಲಲ್ಲ, ಆಟವನ್ನು ದಾಖಲಿಸುವ ಕ್ರಮದ ಮೇಲೆ.

ಆ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟು ನೋಡೋಣ. 2017ರಲ್ಲಿ ಬುಲ್ಸ್ ತನ್ನ ತವರಿನ ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ. 2018ರಲ್ಲಿ ಪುಣೆಯಲ್ಲಿ. ಅದೇ ಲೀಗಿನ ಕೊನೆಯಲ್ಲಿ ಗುಜರಾತನ್ನು ಮೊದಲ ಸಲ ಮಣಿಸಿ ಅಂತಿಮಕ್ಕೇರಿದ್ದು ಕೊಚ್ಚಿಯಲ್ಲಿ, ಪ್ರಶಸ್ತಿ ಗೆದ್ದದ್ದು ಮುಂಬಯಿಯಲ್ಲಿ. ಅಂದರೆ ಬೆಂಗಳೂರಿನ ಹೆಸರು ಹೊತ್ತ ತಂಡ ಚಾಂಪಿಯನ್ ಆದ ಲೀಗಿನಲ್ಲಿ ಬೆಂಗಳೂರಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2019ರ ಆಗಸ್ಟ್ ಕೊನೆಗೆ ತಂಡ ಕಂಠೀರವ ಒಳಾಂಗಣಕ್ಕೆ ಮರಳಿತು. ಎರಡು ವರ್ಷದ ಬಳಿಕ, 2021ರ ಡಿಸೆಂಬರಿನಿಂದ, ಇಡೀ ಲೀಗೇ ಬೆಂಗಳೂರಿಗೆ ಬಂತು. ಆದರೆ ಕೋವಿಡ್ ಕಾರಣ ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ, ಪ್ರೇಕ್ಷಕರಿಲ್ಲದೆ. 2022 ಮತ್ತು 2023ರಲ್ಲಿ ಮತ್ತೆ ಕಂಠೀರವ. 2024ರಲ್ಲಿ ಲೀಗ್ ಹೈದರಾಬಾದ್, ನೊಯಿಡಾ, ಪುಣೆಗಳಲ್ಲಿ ನಡೆಯಿತು. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದಿಲ್ಲಿಗಳಲ್ಲಿ. ಬೆಂಗಳೂರಿಗೆ ಎರಡೂ ವರ್ಷ ಪಾಲಿಲ್ಲ.

ನನ್ನ ಮಟ್ಟಿಗೆ ಈ ತಂಡದ ನಿಜವಾದ ಚರಿತ್ರೆ ಈ ಎರಡನೆಯ ಪಟ್ಟಿಯಲ್ಲಿದೆ. ಮೊದಲನೆಯದು ಆಟಗಾರರ ಚರಿತ್ರೆ. ಆಟಗಾರರು ಹರಾಜಿನಲ್ಲಿ ಬರುತ್ತಾರೆ, ಹರಾಜಿನಲ್ಲಿ ಹೋಗುತ್ತಾರೆ. 2022ರಲ್ಲಿ ಪವನ್ 2 ಕೋಟಿ 26 ಲಕ್ಷ ರೂಪಾಯಿಗೆ ತಮಿಳು ತಲೈವಾಸ್ ಪಾಲಾದ. ಅದರಲ್ಲಿ ದೂರುವುದೇನೂ ಇಲ್ಲ. ಮಣ್ಣಿನಲ್ಲಿ ಮೊಣಕಾಲು ಕೆತ್ತಿಸಿಕೊಂಡವರ ಮಕ್ಕಳಿಗೆ ಈ ಆಟದಿಂದ ಮನೆ ಕಟ್ಟುವಷ್ಟು ದುಡ್ಡು ಬಂತೆಂಬುದೇ ದೊಡ್ಡ ಮಾತು. ಹೋಗುವವರು ಹೋದ ಮೇಲೂ ಉಳಿಯಬೇಕಾದದ್ದು ಊರು ಮತ್ತು ಅಂಗಳ. ಪಟ್ಟಿ ಮಾಡುವವರು ಅದನ್ನೇ ಬಿಡುತ್ತಾರೆ.

ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲಿನಲ್ಲಿ ಲೇಕರ್ಸ್ ಎಂಬ ಪ್ರಸಿದ್ಧ ತಂಡವಿದೆ. ಕೆರೆ-ಸರೋವರಗಳ ನಾಡಾದ ಮಿನೆಸೋಟದ ಮಿನಿಯಾಪೊಲಿಸ್ ನಗರದಲ್ಲಿದ್ದಾಗ ಬಂದ ಹೆಸರು ಅದು. 1960ರಲ್ಲಿ ತಂಡ ಲಾಸ್ ಏಂಜಲೀಸಿಗೆ ಎದ್ದು ಹೋಯಿತು. ಸರೋವರ ಹಿಂದುಳಿದವು, ಹೆಸರು ಜೊತೆಗೆ ಹೋಯಿತು. ನ್ಯೂ ಆರ್ಲಿಯನ್ಸಿನ ಜಾಜ್ ಎಂಬ ತಂಡ 1979ರಲ್ಲಿ ಯೂಟಾಗೆ ಹೋಯಿತು. ಜಾಜ್ ಸಂಗೀತದ ತವರಿನ ಹೆಸರು ಮಾರ್ಮನರ ನಾಡಿಗೆ ಅಂಟಿಕೊಂಡಿತು. ಆದರೂ ಅವರು ಹೋದ ಕಡೆ ನಿಂತರು, ಅಂಗಳ ಕಟ್ಟಿಕೊಂಡರು, ಅಲ್ಲಿಯ ಜನರನ್ನು ತಮ್ಮವರನ್ನಾಗಿ ಮಾಡಿಕೊಂಡರು. ಬುಲ್ಸ್ ಎಂದೇ ಹೆಸರಾದ ಶಿಕಾಗೊ ತಂಡ 1991ರಿಂದ 1998ರೊಳಗೆ ಆರು ಸಲ ಗೆದ್ದಿತು, ಆರು ಸಲವೂ ಶಿಕಾಗೊದ ತಂಡವಾಗಿಯೇ. ನಮ್ಮ ಬುಲ್ಸ್ ಕಥೆ ಬೇರೆ. ಅದು ಬೆಂಗಳೂರನ್ನು ಬಿಟ್ಟೂ ಹೋಗಲಿಲ್ಲ, ಬೆಂಗಳೂರಿನಲ್ಲಿ ನೆಲೆಯಾಗಿಯೂ ನಿಲ್ಲಲಿಲ್ಲ.

ಗೂಳಿ-ಹೋರಿಗಳ ವಿಷಯ ಹಾವೇರಿ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೀಪಾವಳಿಯ ಹೊತ್ತಿಗೆ ಹೋರಿ ಬೆದರಿಸುವ ಹಬ್ಬ ಶುರುವಾದರೆ ಕೊರಳಿಗೆ ಕೊಬ್ಬರಿ ಹಾರ ಕಟ್ಟಿಕೊಂಡು ಹೋರಿಗಳು ಊರೂರಿನ ಅಖಾಡಗಳಲ್ಲಿ ಓಡುತ್ತವೆ. ಅದು ಕೂಡ ಹೊರಗಿನ ಆಟವೇ. ಹೋರಿಯನ್ನು ವಾಹನದಲ್ಲಿ ಹೇರಿಕೊಂಡು ಎಲ್ಲೆಲ್ಲಿಗೋ ಒಯ್ಯುತ್ತಾರೆ. ಆದರೆ ಅದು ಎಲ್ಲಿ ಓಡಿದರೂ ತನ್ನ ಊರಿನ ಹೆಸರಿನಲ್ಲೇ ಓಡುತ್ತದೆ. ರಾತ್ರಿ ಮರಳಿ ಬಂದು ತನ್ನ ಕೊಟ್ಟಿಗೆಯಲ್ಲೇ ಮೇವು ತಿನ್ನುತ್ತದೆ. ಮರುದಿನ ಬೆಳಿಗ್ಗೆ ಊರಿನ ಹುಡುಗರು ಹೋಗಿ ಅದರ ಬೆನ್ನು ಸವರಿ ಬರಬಹುದು. ಮುಟ್ಟಿ ನೋಡುವ ಈ ಅವಕಾಶ ಇರುವುದರಿಂದಲೇ ಅದು ಊರಿನ ಹೋರಿ.

ಹಲಗೇರಿಯಿಂದ ಬೆಂಗಳೂರು ಮುನ್ನೂರು ಕಿಲೋಮೀಟರ್ ಆಸುಪಾಸು. ಟಿ.ವಿ.ಯಲ್ಲೇ ನೋಡುವ ನಮಗೆ ಪಂದ್ಯ ಕಂಠೀರವದಲ್ಲಾದರೇನು, ಪುಣೆಯಲ್ಲಾದರೇನು ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸವಿದೆ. 2019ರಲ್ಲಿ ಊರಿನ ನಾಲ್ಕು ಹುಡುಗರ ಜೊತೆ ನಾನು ಕಂಠೀರವಕ್ಕೆ ಹೋಗಿದ್ದೆ. ಟಿ.ವಿ.ಯ ಕ್ಯಾಮೆರಾ ದಾಳಿಗಾರನ ಬೆನ್ನು ಹತ್ತಿರುತ್ತದೆ. ಮೂವತ್ತು ಸೆಕೆಂಡುಗಳಲ್ಲಿ ಅವನು ಏನು ಮಾಡುತ್ತಾನೆಂಬುದೇ ಅದಕ್ಕೆ ಮುಖ್ಯ. ಮೇಲಿನ ಸಾಲಿನಲ್ಲಿ ಕೂತವನಿಗೆ ಕಾಣುವುದು ಏಳು ಜನರ ಸರಪಳಿ. ದಾಳಿಗಾರ ಬಲಕ್ಕೆ ವಾಲಿದಾಗ ಎಡ ಮೂಲೆಯವನ ಪಾದ ಹೇಗೆ ತಿರುಗುತ್ತದೆ, ಬಲ ಮೂಲೆಯಲ್ಲಿ ಸೌರಭ್ ನಂದಾಲನಂಥವನು ಎಷ್ಟು ಹೊತ್ತು ಸುಮ್ಮನೆ ಕಾಯುತ್ತಾನೆ, ಇದೆಲ್ಲ ಅಲ್ಲಿ ಕೂತರೆ ಮಾತ್ರ ತಿಳಿಯುವಂಥದು. ಊರಿಗೆ ಮರಳಿದ ಮೇಲೆ ಆ ಹುಡುಗರಲ್ಲೊಬ್ಬ ಶಾಲೆಯ ಮಣ್ಣಿನ ಅಂಗಳದಲ್ಲಿ ಮೂಲೆಯಲ್ಲಿ ನಿಲ್ಲುವ ರೀತಿಯನ್ನೇ ಬದಲಿಸಿಕೊಂಡ. ಯಾವ ಅಂಕಪಟ್ಟಿಯೂ ಅವನಿಗೆ ಇದನ್ನು ಕಲಿಸುತ್ತಿರಲಿಲ್ಲ. ತವರಿನ ಅಂಗಳ ಎಂದರೆ ಆಟ ಕಲಿಯುವವನ ಪಾಲಿಗೆ ಶಾಲೆ. ಅದು ಮುಚ್ಚಿದ ವರ್ಷಗಳು ಲೆಕ್ಕಕ್ಕೆ ಬರಬೇಕು.

ಕನ್ನಡಿಗರಿಗೆ ಈ ಆಟ ಬರುವುದಿಲ್ಲವೆಂದಲ್ಲ. ವೈಟ್‌ಫೀಲ್ಡಿನ ಆ ಖಾಲಿ ಸಭಾಂಗಣದಲ್ಲಿ 2022ರ ಫೆಬ್ರವರಿ 25ರಂದು ಪಟ್ನಾ ತಂಡವನ್ನು ಅಂತಿಮ ಪಂದ್ಯಕ್ಕೆ ಇಳಿಸಿದ ನಾಯಕ ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ. ದಿಲ್ಲಿ ಎದುರು ಒಂದೇ ಅಂಕದಿಂದ, 36–37ರಿಂದ, ಅವರು ಸೋತರು. ಕನ್ನಡನಾಡಿನ ರಾಜಧಾನಿಯಲ್ಲಿ ಕನ್ನಡಿಗನೊಬ್ಬ ನಾಯಕನಾಗಿ ಅಂತಿಮ ಆಡಿದರೆ ಚಪ್ಪಾಳೆ ತಟ್ಟಲು ಒಬ್ಬ ಕನ್ನಡ ಪ್ರೇಕ್ಷಕನೂ ಅಲ್ಲಿರಲಿಲ್ಲ. ಬಂಗಾಳ ಮತ್ತು ಪುಣೆ ತಂಡಗಳನ್ನು ಚಾಂಪಿಯನ್ ಮಾಡಿದ ಬಿ.ಸಿ. ರಮೇಶ್ 2025ರಲ್ಲಿ ಬುಲ್ಸ್‌ನ ಮುಖ್ಯ ತರಬೇತುದಾರರಾದರು. ಹಿಂದಿನ ವರ್ಷ ಹನ್ನೆರಡು ತಂಡಗಳಲ್ಲಿ ಕೊನೆಯದಾಗಿದ್ದ ತಂಡ ಅವರ ಕೈಯಲ್ಲಿ ಪ್ಲೇ-ಆಫ್‌ಗೆ ಏರಿತು. ಅದೂ ಬೆಂಗಳೂರಿನ ಹೊರಗೇ ನಡೆಯಿತು.

ಇಷ್ಟಾಗಿಯೂ ನಾನು ಬುಲ್ಸ್ ಪಕ್ಷದವನೇ, ಬೇರೆ ತಂಡಕ್ಕೆ ಮನಸ್ಸು ಹೋಗುವುದಿಲ್ಲ. ಅದಕ್ಕೇ ಇಷ್ಟು ನಿಷ್ಠುರವಾಗಿ ಬರೆಯುವುದು. ಮುಂದೆ ಯಾರಾದರೂ ಕನ್ನಡದಲ್ಲಿ ಈ ತಂಡದ ಚರಿತ್ರೆ ಬರೆದರೆ ಪ್ರತಿ ಇಸವಿಯ ಮುಂದೆ ಅಂಕದ ಜೊತೆಗೆ ಊರಿನ ಹೆಸರನ್ನೂ ಬರೆಯಲಿ. 2017ರ ಮುಂದೆ ನಾಗಪುರ ಎಂದೂ 2018ರ ಮುಂದೆ ಪುಣೆ ಎಂದೂ ಇರಲಿ. ಗೆದ್ದ ಸಂತೋಷ ಅದರಿಂದ ಕಡಿಮೆಯಾಗುವುದಿಲ್ಲ. 2024 ಮತ್ತು 2025ರ ಮುಂದಿನ ಜಾಗವನ್ನು ಖಾಲಿ ಬಿಡಲಿ. ಹಲಗೇರಿಯ ಯಾವನಾದರೂ ಹುಡುಗ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, ಇಲ್ಲಿ ಯಾಕೆ ಏನೂ ಬರೆದಿಲ್ಲ ಎಂದು ಕೇಳಿದರೆ ತಂಡ ನಡೆಸುವವರೇ ಉತ್ತರ ಹೇಳಲಿ.