ಮೊಲದಿಂದ ಏಡಿಗೆ, ಏಡಿಯಿಂದಾಚೆಗೆ

ಡ್ರಿಪ್ ಹಾಕಿದ ಸ್ವಲ್ಪ ಹೊತ್ತಿಗೇ ರೋಗಿ ಗಡಗಡ ನಡುಗತೊಡಗಿದರೂ ಆ ಬಾಟಲಿಯಲ್ಲಿ ಒಂದೇ ಒಂದು ಜೀವಂತ ಬ್ಯಾಕ್ಟೀರಿಯಾ ಇಲ್ಲದಿರಬಹುದು. ಸತ್ತ ಬ್ಯಾಕ್ಟೀರಿಯಾದ ಹೊರಪೊರೆಯ ಚೂರು, ಅಂದರೆ ಎಂಡೋಟಾಕ್ಸಿನ್, ಅಷ್ಟಕ್ಕೆ ಸಾಕು. 121 ಡಿಗ್ರಿಯ ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಈ ವಿಷವನ್ನಲ್ಲ. ಗಾಜಿನ ಸಾಮಾನಿನಿಂದ ಅದನ್ನು ತೊಲಗಿಸಲು 250 ಡಿಗ್ರಿಯ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ದ್ರಾವಣವನ್ನು ಹಾಗೆ ಸುಡಲಾಗದು, ಅಳೆದೇ ನೋಡಬೇಕು.

ಮೊದಲು ಮೊಲಗಳಿಗೆ ಚುಚ್ಚಿ ಜ್ವರ ನೋಡುತ್ತಿದ್ದರು. ಜ್ವರ ಬಂತೇ ಇಲ್ಲವೇ ಎಂಬುದು ತಿಳಿಯುತ್ತಿತ್ತು, ವಿಷ ಎಷ್ಟಿದೆ ಎಂಬುದಲ್ಲ.

ಕುದುರೆಲಾಳದ ಏಡಿಗೆ ಬ್ಯಾಕ್ಟೀರಿಯಾ ಚುಚ್ಚಿದರೆ ಅದರ ರಕ್ತ ಹೆಪ್ಪುಗಟ್ಟುತ್ತದೆ ಎಂದು ಅಮೆರಿಕದ ಫ್ರೆಡರಿಕ್ ಬ್ಯಾಂಗ್ 1956ರಲ್ಲಿ ಬರೆದರು. ಮುಂದೆ ಜ್ಯಾಕ್ ಲೆವಿನ್ ಜೊತೆಗೂಡಿ ಆ ರಕ್ತಕಣಗಳ ಸಾರದಿಂದಲೇ ಪರೀಕ್ಷೆಗೆ ದಾರಿ ಮಾಡಿದರು. ಅದೇ ಎಲ್‌ಎಎಲ್. ಅದರ ಜೆಲ್-ಕ್ಲಾಟ್ ವಿಧಾನದ ಸರಳತೆ ನನಗೆ ಇಂದಿಗೂ ಬಲು ಮೆಚ್ಚುಗೆ. ಪುಟ್ಟ ಗಾಜಿನ ನಳಿಕೆಯಲ್ಲಿ 0.1 ಮಿ.ಲೀ. ಮಾದರಿ, ಅಷ್ಟೇ ರಿಏಜೆಂಟ್. 37 ಡಿಗ್ರಿಯಲ್ಲಿ ಒಂದು ಗಂಟೆ. ನಡುವೆ ಅಲುಗಾಡಿಸುವಂತಿಲ್ಲ. ಆಮೇಲೆ ಉಸಿರು ಬಿಗಿಹಿಡಿದು ನಳಿಕೆಯನ್ನು ತಲೆಕೆಳಗು ಮಾಡಬೇಕು. ಗಟ್ಟಿ ಮೊಸರಿನಂತೆ ತಳಕ್ಕೇ ಅಂಟಿ ನಿಂತರೆ ವಿಷ ಮಿತಿ ಮುಟ್ಟಿದೆ, ಹರಿದರೆ ಮುಟ್ಟಿಲ್ಲ. ಚುಚ್ಚುಮದ್ದಿನ ನೀರಿಗೆ ಮಿಲಿಲೀಟರಿಗೆ 0.25 ಯೂನಿಟ್ ಎಂಬಷ್ಟು ಸಣ್ಣ ಮಿತಿಯನ್ನೂ ಇದು ಹಿಡಿಯುತ್ತದೆ. ನಿಖರ ಅಂಕಿ ಬೇಕಾದವರಿಗೆ ಬಣ್ಣ, ಕದಡು ಅಳೆಯುವ ವಿಧಾನಗಳಿವೆ.

ಕೊರತೆಗಳೂ ಸಣ್ಣವಲ್ಲ. ಶಿಲೀಂಧ್ರದ ಅಥವಾ ಸೆಲ್ಯುಲೋಸ್ ಫಿಲ್ಟರಿನ ಬೀಟಾ-ಗ್ಲೂಕಾನ್ ಸೇರಿದರೂ ಈ ಸಾರ ಹೆಪ್ಪುಗಟ್ಟಿ ಸುಳ್ಳು ದೂರು ಕೊಡುತ್ತದೆ. ಕೆಲವು ಔಷಧಗಳು ಇದ್ದ ವಿಷವನ್ನೇ ಮರೆಮಾಚುತ್ತವೆ. ಅದಕ್ಕೇ ಗೊತ್ತಿರುವಷ್ಟು ಎಂಡೋಟಾಕ್ಸಿನ್ ಬೆರೆಸಿದ ನಳಿಕೆಯನ್ನೂ ಪಕ್ಕದಲ್ಲಿಡುವುದು. ಆ ನಳಿಕೆ ಹೆಪ್ಪುಗಟ್ಟದಿದ್ದರೆ ಇಡೀ ಪರೀಕ್ಷೆಯೇ ರದ್ದು. ಎಲ್ಲಕ್ಕಿಂತ ನೋವಿನ ಸಂಗತಿ, ರಕ್ತ ತೆಗೆದು ಕಡಲಿಗೆ ಬಿಟ್ಟ ಏಡಿಗಳಲ್ಲಿ ಒಂದಷ್ಟು ಸಾಯುತ್ತವೆ.

ಸಿಂಗಾಪುರದ ವಿಜ್ಞಾನಿಗಳು ಏಡಿಯ ಫ್ಯಾಕ್ಟರ್ ಸಿ ಎಂಬ ಒಂದೇ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಮೇಲೆ ಈ ನೋವಿಗೆ ಸಮರ್ಥನೆ ಉಳಿದಿಲ್ಲ. ಈ ಪ್ರೋಟೀನಿನಿಂದ ಮಾಡುವ ಪರೀಕ್ಷೆ ಬೀಟಾ-ಗ್ಲೂಕಾನಿಗೆ ಮೋಸಹೋಗುವುದಿಲ್ಲ. ಹೊಳಪು ಅಳೆಯುವ ಯಂತ್ರ ಬೇಕು, ಖರ್ಚಿದೆ, ನಿಜ. ಆದರೂ ಯುರೋಪಿನ ಔಷಧ ಸಂಹಿತೆ 2021ರಿಂದಲೇ ಇದಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟಿದೆ. ಇದು ದೂರದವರ ಮಾತಷ್ಟೇ ಅಲ್ಲ, ನಮ್ಮ ಒಡಿಶಾ ಕರಾವಳಿಯಲ್ಲೂ ಕುದುರೆಲಾಳದ ಏಡಿಗಳಿವೆ. ನಮ್ಮ ಔಷಧ ಕಾರ್ಖಾನೆಗಳ ಗುಣಮಟ್ಟ ವಿಭಾಗದವರು ಮುಂದಿನ ಬ್ಯಾಚಿಗಾದರೂ ಎರಡೂ ಪರೀಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.